ಮೊಮ್ಮಗಳ ನಗು, ಬೋರ್‌ವೆಲ್ ನೀರು

ನಮ್ಮೂರು ಚಿಂತಾಮಣಿ ಹತ್ತಿರ. ನನ್ನ ಮೊಮ್ಮಗಳು ಬಾಯಿಗೆ ಕೈ ಅಡ್ಡ ಹಿಡಿದೇ ನಗುತ್ತಿದ್ದಳು. ಹಲ್ಲಿನ ಮೇಲೆ ಕಂದು ಕಲೆ. 'ಸರಿಯಾಗಿ ಉಜ್ಜಲ್ಲ' ಎಂದು ನಾನೇ ಬೈದಿದ್ದೆ. "ದಿನಾ ಎರಡು ಸಲ ಉಜ್ತೀನಿ ತಾತ" ಎಂದು ಅತ್ತಳು. ದಂತವೈದ್ಯರು ನೋಡಿ, "ತಪ್ಪು ಮಗುವಿನದಲ್ಲ, ನೀರಿನದು" ಎಂದರು.

ಮಕ್ಕಳೇ, ಈ ಗುಟ್ಟು ಬಯಲಾಗಲು ಮೂವತ್ತು ವರ್ಷ ಬೇಕಾಯಿತು! 1901ರಲ್ಲಿ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಊರಿಗೆ ಹೋದ ದಂತವೈದ್ಯ ಫ್ರೆಡರಿಕ್ ಮೆಕೇ ಅಲ್ಲಿನವರ ಹಲ್ಲಿನಲ್ಲೂ ಇಂಥದೇ ಕಲೆ ಕಂಡರು. ಕಾರಣ ತಿಳಿದದ್ದು 1931ರಲ್ಲಿ: ಕುಡಿಯುವ ನೀರಿನಲ್ಲಿದ್ದ ಫ್ಲೋರೈಡ್.

ನಮ್ಮ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆ ನೆಲದಡಿ ಗ್ರಾನೈಟ್ ಬಂಡೆ. ಅದರಲ್ಲಿರುವ ಫ್ಲೋರೈಡ್ ಅಂತರ್ಜಲಕ್ಕೆ ಕರಗುತ್ತದೆ. ಕೆರೆಗಳು ಬತ್ತಿ ಬೋರ್‌ವೆಲ್ ಆಳಕ್ಕೆ ಇಳಿದಂತೆ ಅನೇಕ ಹಳ್ಳಿಗಳಲ್ಲಿ ತೊಂದರೆ ಹೆಚ್ಚಿತು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಮೀರಿದರೆ, ಒಸಡಿನೊಳಗೆ ಇನ್ನೂ ಬೆಳೆಯುತ್ತಿರುವ ಹಲ್ಲಿನ ಹೊಳಪು ಕೆಡುತ್ತದೆ. ಅದಕ್ಕೇ ಎಂಟು ವರ್ಷದೊಳಗಿನ ಮಕ್ಕಳ ಬಗ್ಗೆ ಹೆಚ್ಚು ಎಚ್ಚರ ಬೇಕು. ತೀರಾ ಹೆಚ್ಚಿರುವ ನೀರನ್ನು ವರ್ಷಗಟ್ಟಲೆ ಕುಡಿದರೆ ದೊಡ್ಡವರ ಮೂಳೆ, ಕೀಲುಗಳೂ ಬಿಗಿಯುತ್ತವೆ.

ಅಜ್ಜಿಯರೇ, ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ನೀರನ್ನು ಪರೀಕ್ಷೆ ಮಾಡಿಸಿ. ಕುಡಿಯಲು, ಅಡುಗೆಗೆ ಆರ್‌ಒ ಘಟಕದ ನೀರನ್ನೋ, ಶುಚಿಯಾಗಿ ಹಿಡಿದು ಶೋಧಿಸಿದ ಮಳೆನೀರನ್ನೋ ಬಳಸಿ.

ಈಗ ಘಟಕದಿಂದ ಕ್ಯಾನ್ ತರುವುದು ನನ್ನ ಕೆಲಸ. ಮೂರು ವರ್ಷದ ತಮ್ಮನಿಗೆ ಅದೇ ನೀರನ್ನು ಲೋಟಕ್ಕೆ ಬಗ್ಗಿಸಿ ಕೊಡುವುದು ಮೊಮ್ಮಗಳ ಕೆಲಸ. ಬೈದದ್ದಕ್ಕೆ ಅವಳ ಹತ್ತಿರ ಕ್ಷಮೆಯನ್ನೂ ಕೇಳಿದೆ.