ಗಡಿಯಲ್ಲಿ ಬದಲಾಗುವ ಹಣೆಪಟ್ಟಿ



ನಾಲ್ಕನೆಯ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಓದಿ ಐದನೆಯ ತರಗತಿಗೆ ಮರಾಠಿ ಶಾಲೆಯನ್ನು ಸೇರಿದವನು ನಾನು. ಸೇರಿದ ಮೊದಲ ವಾರದಲ್ಲಿ ಹಿರಿಯ ಶಿಕ್ಷಕರೊಬ್ಬರು ತರಗತಿಯ ಬಾಗಿಲಲ್ಲಿ ನಿಂತು, ಮುಂದಿನ ಸಾಲಿನಲ್ಲಿದ್ದ ನನ್ನನ್ನು ‘ಬಾಈ ಕುಠೇ ಆಹೇತ?’ ಎಂದು ಕೇಳಿದರು. ‘ಕುಠೇ’ ಎಂದರೆ ‘ಎಲ್ಲಿ’ ಎಂಬುದು ನನಗೆ ತಿಳಿದಿತ್ತು. ಉತ್ತರವಾಗಿ ನಾನು ಬೆರಳನ್ನು ನನ್ನ ಬಾಯಿಯ ಮೇಲಿಟ್ಟು ತೋರಿಸಿದೆ. ತರಗತಿಯೆಲ್ಲ ನಕ್ಕಿತು. ಅವರು ಕೇಳಿದ್ದು ಶಿಕ್ಷಕಿ ಎಲ್ಲಿದ್ದಾರೆ ಎಂದು. ನಾನು ತೋರಿಸಿದ್ದು ಮುಖದ ಒಂದು ಅವಯವವನ್ನು.

ಇತ್ತೀಚೆಗೆ ಗಣಕಶಾಸ್ತ್ರ ವಿಭಾಗದ ಸಹೋದ್ಯೋಗಿಯೊಬ್ಬರು ಒಂದು ಜಾಲದಿಂದ ಇನ್ನೊಂದು ಜಾಲಕ್ಕೆ ಮಾಹಿತಿಯ ಪೊಟ್ಟಣಗಳು ಹೇಗೆ ದಾಟುತ್ತವೆ ಎಂಬುದನ್ನು ವಿವರಿಸುತ್ತಿದ್ದಾಗ ಈ ಪ್ರಸಂಗ ನೆನಪಾಯಿತು. ಅವರು ಹೇಳುತ್ತಿದ್ದ ವಿಷಯದ ತಿರುಳನ್ನು ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ವ್ಯಾಕರಣದ ತರಗತಿಯಲ್ಲಿ ಆಗಲೇ ಕಲಿತಿದ್ದಾರೆ ಎಂದೂ ಅನಿಸಿತು. ಅದನ್ನು ನಿಮ್ಮ ಮುಂದಿಡುವುದಕ್ಕಾಗಿ ಈ ಬರೆಹ.

ವಿಳಾಸ ಮತ್ತು ಹಣೆಪಟ್ಟಿ

ಗಡಹಿಂಗ್ಲಜದಿಂದ ಸಂಕೇಶ್ವರಕ್ಕೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿಯೂ ಇಲ್ಲ. ಎರಡೂ ಊರುಗಳು ಹಿರಣ್ಯಕೇಶಿಯ ದಂಡೆಯಲ್ಲಿವೆ. ಆದರೆ ಅಂಚೆಯ ಲೆಕ್ಕದಲ್ಲಿ ಗಡಹಿಂಗ್ಲಜ 416502, ಸಂಕೇಶ್ವರ 591313. ಮೊದಲ ಅಂಕಿಯೇ ಬೇರೆ: ನಾಲ್ಕರ ವಲಯದಲ್ಲಿ ಮಹಾರಾಷ್ಟ್ರವಿದೆ, ಐದರ ವಲಯದಲ್ಲಿ ಕರ್ನಾಟಕವಿದೆ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಈ ಪಿನ್‌ಕೋಡ್ ಪದ್ಧತಿಯನ್ನು ರೂಪಿಸಿದವರು ಕೇಂದ್ರ ಸಂಪರ್ಕ ಸಚಿವಾಲಯದ ಅಧಿಕಾರಿ ಶ್ರೀರಾಮ ಭಿಕಾಜಿ ವೇಲಣಕರ್. ಅವರು ಸಂಸ್ಕೃತದ ಕವಿಯೂ ಆಗಿದ್ದರೆಂಬುದು ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೆ ಸಂತೋಷದ ಸಂಗತಿ.

ಪಿನ್‌ಕೋಡಿನ ಲಕ್ಷಣವೆಂದರೆ ಅದರ ಅರ್ಥ ದೇಶದ ಎಲ್ಲೆಡೆಯೂ ಒಂದೇ. 591313 ಎಂಬುದನ್ನು ಕೊಲ್ಹಾಪುರದಲ್ಲಿ ಓದಿದರೂ ಕೊಲ್ಕತ್ತಾದಲ್ಲಿ ಓದಿದರೂ ಅದು ಸಂಕೇಶ್ವರವೇ. ಆದರೆ ಅಂಚೆಯ ವಿಂಗಡಣೆಯಲ್ಲಿ ಇನ್ನೊಂದು ಬಗೆಯ ಗುರುತೂ ಇದೆ. ಒಂದೇ ದಿಕ್ಕಿಗೆ ಹೋಗುವ ಕಾಗದಗಳನ್ನು ಕಂತೆ ಕಟ್ಟಿ, ಚೀಲದಲ್ಲಿ ತುಂಬಿ, ಬಾಯಿ ಮುಚ್ಚಿ, ಚೀಲಕ್ಕೊಂದು ಚೀಟಿ ಕಟ್ಟುತ್ತಾರೆ. ದಾರಿಯಲ್ಲಿ ಚೀಲವನ್ನು ಇಳಿಸಿ ಏರಿಸುವವರು ಒಳಗಿನ ಒಂದೊಂದು ಕಾಗದದ ವಿಳಾಸವನ್ನು ಓದುವುದಿಲ್ಲ, ಚೀಟಿಯನ್ನಷ್ಟೇ ನೋಡುತ್ತಾರೆ. ಚೀಲ ಬಿಚ್ಚಿದ ಮೇಲೆ ಆ ಚೀಟಿಗೆ ಬೆಲೆಯಿಲ್ಲ. ಕಾಗದದ ಮೇಲಿರುವುದು ವಿಳಾಸ, ಚೀಲದ ಮೇಲಿರುವುದು ಹಣೆಪಟ್ಟಿ. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದು ಸುಲಭ.

ಅಂತರಜಾಲದಲ್ಲಿ ಸಂಚರಿಸುವ ಪ್ರತಿಯೊಂದು ಪೊಟ್ಟಣದ ಮೇಲೂ ತಲುಪಬೇಕಾದ ಗಣಕದ ವಿಳಾಸವಿರುತ್ತದೆ. ಅದಕ್ಕೆ ಐಪಿ ವಿಳಾಸವೆಂದು ಹೆಸರು. ದಾರಿ ತೋರುವ ಯಂತ್ರ ರೌಟರ್. ಪೊಟ್ಟಣ ಬಂದಾಗಲೆಲ್ಲ ರೌಟರು ವಿಳಾಸವನ್ನು ತನ್ನ ಪಟ್ಟಿಯೊಡನೆ ಹೋಲಿಸಿ, ಅತಿ ಹೆಚ್ಚು ಅಂಕಿಗಳು ಹೊಂದುವ ನಮೂದನ್ನು ಹುಡುಕಿ, ಆ ದಿಕ್ಕಿಗೆ ಪೊಟ್ಟಣವನ್ನು ದಾಟಿಸುತ್ತದೆ. ಇಡೀ ಅಂತರಜಾಲದ ದಾರಿಪಟ್ಟಿಯಲ್ಲಿ ಇಂದು ಒಂಬತ್ತು ಲಕ್ಷಕ್ಕೂ ಮೀರಿದ ನಮೂದುಗಳಿವೆ. ನಡುವಿನ ಪ್ರತಿಯೊಂದು ರೌಟರೂ ಈ ಹುಡುಕಾಟವನ್ನು ಹೊಸದಾಗಿ ಮಾಡಬೇಕೆ? ಒಮ್ಮೆ ಪ್ರವೇಶದ್ವಾರದಲ್ಲಿ ವಿಳಾಸವನ್ನು ಓದಿ, ಮೇಲೊಂದು ಚಿಕ್ಕ ಹಣೆಪಟ್ಟಿ ಅಂಟಿಸಿ, ಅಲ್ಲಿಂದ ಮುಂದೆ ಹಣೆಪಟ್ಟಿಯನ್ನಷ್ಟೇ ನೋಡಿ ಸಾಗಿಸಬಾರದೆ? 1990ರ ದಶಕದ ಮಧ್ಯದಲ್ಲಿ ಹಲವು ಸಂಸ್ಥೆಗಳು ಈ ವಿಚಾರವನ್ನು ತಮ್ಮ ತಮ್ಮ ರೀತಿಯಲ್ಲಿ ಪ್ರಯೋಗಿಸಿದವು. 2001ರ ಜನವರಿಯಲ್ಲಿ ಎರಿಕ್ ರೋಸೆನ್, ಅರುಣ್ ವಿಶ್ವನಾಥನ್ ಮತ್ತು ರಾಸ್ ಕ್ಯಾಲನ್ ಅವರ ಹೆಸರಿನಲ್ಲಿ ಪ್ರಕಟವಾದ ದಾಖಲೆಯು ಅದಕ್ಕೊಂದು ಸಮಾನ ರೂಪವನ್ನು ಕೊಟ್ಟಿತು. ಅದರ ಹೆಸರು ಮಲ್ಟಿಪ್ರೊಟೊಕಾಲ್ ಲೇಬಲ್ ಸ್ವಿಚಿಂಗ್, ಬಳಕೆಯಲ್ಲಿ ಎಂಪಿಎಲ್‌ಎಸ್.

ಈ ಹಣೆಪಟ್ಟಿಯ ಒಟ್ಟು ಅಳತೆ 32 ಬಿಟ್‌ಗಳು. ಅವುಗಳಲ್ಲಿ 20 ಬಿಟ್‌ಗಳು ಹಣೆಪಟ್ಟಿಯ ಸಂಖ್ಯೆಗೆ, 3 ಬಿಟ್‌ಗಳು ಪೊಟ್ಟಣದ ಆದ್ಯತೆಗೆ ಮೀಸಲು. ಕೆಳಗೆ ಇನ್ನೊಂದು ಹಣೆಪಟ್ಟಿ ಇದೆಯೋ ಇಲ್ಲವೋ ಎಂಬುದನ್ನು 1 ಬಿಟ್ ತಿಳಿಸುತ್ತದೆ. ಪೊಟ್ಟಣ ಇನ್ನೆಷ್ಟು ಹೆಜ್ಜೆ ನಡೆಯಬಹುದು ಎಂಬ ಲೆಕ್ಕಕ್ಕೆ ಉಳಿದ 8 ಬಿಟ್‌ಗಳು. 20 ಬಿಟ್‌ಗಳಲ್ಲಿ 10,48,576 ಬೇರೆ ಬೇರೆ ಸಂಖ್ಯೆಗಳನ್ನು ಬರೆಯಬಹುದು. 0ಯಿಂದ 15ರವರೆಗಿನವು ವಿಶೇಷ ಕಾರ್ಯಗಳಿಗೆ ಮೀಸಲು.

ಈ ಪದ್ಧತಿಯ ಮುಖ್ಯ ನಿಯಮ ಎರಡು. ಮೊದಲನೆಯದು, ಹಣೆಪಟ್ಟಿಯ ಅರ್ಥ ಸ್ಥಳೀಯ. ಒಂದು ರೌಟರಿನಲ್ಲಿ 2045 ಎಂಬುದು ಒಂದು ದಾರಿಯನ್ನು ಸೂಚಿಸಿದರೆ, ಪಕ್ಕದ ರೌಟರಿನಲ್ಲಿ ಅದೇ ಸಂಖ್ಯೆ ಬೇರೊಂದು ದಾರಿಯನ್ನು ಸೂಚಿಸಬಹುದು. ಎರಡನೆಯದು, ಹಣೆಪಟ್ಟಿಯನ್ನು ಗೊತ್ತುಮಾಡುವುದು ಕಳುಹಿಸುವ ರೌಟರಲ್ಲ, ಸ್ವೀಕರಿಸುವ ರೌಟರು. ‘ಈ ಊರಿಗೆ ಹೋಗುವ ಪೊಟ್ಟಣಗಳನ್ನು ನನಗೆ ಕೊಡುವಾಗ 2045 ಎಂದು ಬರೆದು ಕೊಡು’ ಎಂದು ಸ್ವೀಕರಿಸುವ ರೌಟರು ಮೊದಲೇ ತನ್ನ ನೆರೆಯದಕ್ಕೆ ತಿಳಿಸಿರುತ್ತದೆ. ಹಾಗೆ ತಿಳಿಸಿರದಿದ್ದರೆ ಬಂದ ಸಂಖ್ಯೆಗೆ ಅರ್ಥವಿಲ್ಲ. ‘ಬಾಈ’ ಎಂಬ ಧ್ವನಿ ನನ್ನ ಕಿವಿಗೆ ಬಿದ್ದಾಗ ಆದದ್ದು ಇದೇ. ಆ ಧ್ವನಿಗೆ ನನ್ನ ಪಟ್ಟಿಯಲ್ಲಿ ಒಂದು ಅರ್ಥವಿತ್ತು; ಕೇಳಿದವರ ಪಟ್ಟಿಯಲ್ಲಿ ಇನ್ನೊಂದು.

ಲೋಪ, ಆಗಮ, ಆದೇಶ

ರೌಟರು ಹಣೆಪಟ್ಟಿಯ ಮೇಲೆ ಮಾಡಬಹುದಾದ ಕಾರ್ಯಗಳು ಮೂರೇ: ಹೊಸತೊಂದನ್ನು ಸೇರಿಸುವುದು, ಇದ್ದುದನ್ನು ತೆಗೆದುಹಾಕುವುದು, ಇದ್ದುದರ ಸ್ಥಾನದಲ್ಲಿ ಇನ್ನೊಂದನ್ನು ಇಡುವುದು. ಕನ್ನಡ ಸಂಧಿಗಳನ್ನು ಓದಿದವರಿಗೆ ಈ ಮೂರನ್ನು ಬೇರೆಯಾಗಿ ಪರಿಚಯಿಸಬೇಕಾಗಿಲ್ಲ. ‘ಮನೆ’ಗೆ ‘ಅನ್ನು’ ಸೇರುವಾಗ ಯಕಾರ ಬಂದು ‘ಮನೆಯನ್ನು’ ಆಗುವುದು ಆಗಮ. ‘ಮಾತು’ ಮತ್ತು ‘ಇಲ್ಲ’ ಕೂಡುವಾಗ ಉಕಾರ ಹೋಗಿ ‘ಮಾತಿಲ್ಲ’ ಆಗುವುದು ಲೋಪ. ‘ಮಳೆ’ ಮತ್ತು ‘ಕಾಲ’ ಕೂಡುವಾಗ ಕಕಾರದ ಸ್ಥಾನದಲ್ಲಿ ಗಕಾರ ಬಂದು ‘ಮಳೆಗಾಲ’ ಆಗುವುದು ಆದೇಶ. ಜಾಲದ ಪ್ರವೇಶದ್ವಾರದಲ್ಲಿ ಆಗಮ, ನಡುವಿನ ಪ್ರತಿ ರೌಟರಿನಲ್ಲಿ ಆದೇಶ, ನಿರ್ಗಮನದ ಬಳಿ ಲೋಪ. ಪೊಟ್ಟಣದ ಯಾತ್ರೆಯೆಲ್ಲ ಇಷ್ಟರಲ್ಲಿ ಅಡಗಿದೆ.

ಒಂದು ಸ್ವಾರಸ್ಯವನ್ನು ಹೇಳಿ ಮುಂದೆ ಹೋಗುತ್ತೇನೆ. ಅನೇಕ ಜಾಲಗಳಲ್ಲಿ ಲೋಪಕಾರ್ಯವನ್ನು ಕೊನೆಯ ರೌಟರು ಮಾಡುವುದಿಲ್ಲ. ಅದಕ್ಕಿಂತ ಒಂದು ಹೆಜ್ಜೆ ಮೊದಲಿರುವುದೇ ಮಾಡಿಬಿಡುತ್ತದೆ. ಹಾಗೆ ಮಾಡೆಂದು ಸೂಚಿಸಲು ಕೊನೆಯ ರೌಟರು 3 ಎಂಬ ಮೀಸಲು ಸಂಖ್ಯೆಯನ್ನು ತಿಳಿಸುತ್ತದೆ. ಈ 3 ಯಾವ ಪೊಟ್ಟಣದ ಮೇಲೂ ಎಂದೂ ಕಾಣಿಸಿಕೊಳ್ಳುವುದಿಲ್ಲ. ಕಾರ್ಯವನ್ನು ಸೂಚಿಸಿ ತಾನು ಮರೆಯಾಗುತ್ತದೆ. ಪಾಣಿನಿಯ ವ್ಯಾಕರಣದಲ್ಲಿ ‘ಇತ್’ ಎಂಬ ಸಂಜ್ಞೆ ಪಡೆದ ವರ್ಣಗಳ ಬಾಳೂ ಹೀಗೆಯೇ.

ಎರಡು ಜಾಲಗಳು ಕೂಡುವ ಸ್ಥಾನ

ಇದುವರೆಗೆ ಹೇಳಿದ್ದು ಒಂದೇ ಒಡೆತನದ ಜಾಲದೊಳಗಿನ ಮಾತು. ಅಂತರಜಾಲವು ಅಂಥ ಸಾವಿರಾರು ಸ್ವಾಯತ್ತ ಜಾಲಗಳ ಕೂಟ. ಪ್ರತಿಯೊಂದಕ್ಕೂ ಜಗತ್ತಿನಲ್ಲಿ ಬೇರೆ ಯಾರಿಗೂ ಇಲ್ಲದ ಒಂದು ಸಂಖ್ಯೆಯಿದೆ: ಬಿಎಸ್‌ಎನ್‌ಎಲ್‌ನ ರಾಷ್ಟ್ರೀಯ ಜಾಲಕ್ಕೆ 9829, ಏರ್‌ಟೆಲ್‌ಗೆ 9498, ಜಿಯೋಗೆ 55836. ಇವು ಪಿನ್‌ಕೋಡಿನಂತೆ ಎಲ್ಲೆಡೆ ಒಂದೇ ಅರ್ಥವುಳ್ಳವು. ನಮ್ಮ ಸಾಮಾನ್ಯ ಸಂದೇಶಗಳು ಒಂದು ಸಂಸ್ಥೆಯ ಜಾಲದಿಂದ ಇನ್ನೊಂದಕ್ಕೆ ದಾಟುವಾಗ ಹಣೆಪಟ್ಟಿಯನ್ನು ಕಳಚಿ, ಬರಿಯ ವಿಳಾಸದೊಡನೆ ದಾಟುತ್ತವೆ. ಆ ಎರಡು ಜಾಲಗಳು ಹತ್ತಿರದಲ್ಲೆಲ್ಲೂ ಕೂಡದಿದ್ದರೆ, ಗಡಹಿಂಗ್ಲಜದ ಮಾತು ಸಂಕೇಶ್ವರವನ್ನು ಮುಟ್ಟಲು ಮುಂಬಯಿಯನ್ನೋ ಬೆಂಗಳೂರನ್ನೋ ಸುತ್ತಿ ಬರಬೇಕಾದೀತು.

ಆದರೆ ಹಣೆಪಟ್ಟಿಯೂ ಗಡಿ ದಾಟಬೇಕಾದ ಸಂದರ್ಭಗಳುಂಟು. ಇಚಲಕರಂಜಿಯಲ್ಲಿಯೂ ನಿಪ್ಪಾಣಿಯಲ್ಲಿಯೂ ಶಾಖೆಗಳಿರುವ ಒಂದು ಸಹಕಾರಿ ಬ್ಯಾಂಕನ್ನು ಕಲ್ಪಿಸಿಕೊಳ್ಳಿ. ಅದರ ಶಾಖೆಗಳು ತಮ್ಮೊಳಗೇ ಮಾತಾಡಿಕೊಳ್ಳುವ ಖಾಸಗಿ ಜಾಲವೊಂದು ಬೇಕು. ಇಚಲಕರಂಜಿಯ ಶಾಖೆ ಒಂದು ದೂರಸಂಪರ್ಕ ಸಂಸ್ಥೆಯ ಗ್ರಾಹಕ, ನಿಪ್ಪಾಣಿಯದು ಇನ್ನೊಂದರ ಗ್ರಾಹಕ. ಜೊತೆಗೆ ಇನ್ನೊಂದು ತೊಡಕು: ಖಾಸಗಿ ಜಾಲಗಳ ಒಳವಿಳಾಸಗಳು ಒಂದೇ ಆಗಿರಬಹುದು. ಪ್ರತಿ ಊರಿಗೂ ಒಂದು ಗಾಂಧಿ ಚೌಕವಿರುವಂತೆ, ಈ ಬ್ಯಾಂಕಿನಲ್ಲಿರುವ ವಿಳಾಸವೇ ಮತ್ತೊಂದು ಸಕ್ಕರೆ ಕಾರ್ಖಾನೆಯ ಜಾಲದಲ್ಲಿಯೂ ಇದ್ದೀತು. ಯಾರ ಗಾಂಧಿ ಚೌಕ ಎಂಬುದನ್ನು ತಿಳಿಸುವುದು ಹಣೆಪಟ್ಟಿ. ಆದ್ದರಿಂದ ಪೊಟ್ಟಣದ ಮೇಲೆ ಎರಡು ಹಣೆಪಟ್ಟಿಗಳಿರುತ್ತವೆ: ಯಾರ ಪೊಟ್ಟಣ ಎಂಬುದನ್ನು ಹೇಳುವ ಒಳಪಟ್ಟಿ, ದಾರಿಯನ್ನು ಹೇಳುವ ಹೊರಪಟ್ಟಿ. ಚೀಲದ ಚೀಟಿ ಹೊರಗೆ, ಕಂತೆಯ ಚೀಟಿ ಒಳಗೆ ಇದ್ದಂತೆ.

ಇಂಥ ಪೊಟ್ಟಣವನ್ನು ಗಡಿ ದಾಟಿಸಲು 2006ರಲ್ಲಿ ಎರಿಕ್ ರೋಸೆನ್ ಮತ್ತು ಯಾಕೋವ್ ರೆಖ್ಟರ್ ಬರೆದ ದಾಖಲೆಯು ಮೂರು ಮಾರ್ಗಗಳನ್ನು ಹೇಳುತ್ತದೆ.

ಮೊದಲನೆಯ ಮಾರ್ಗದಲ್ಲಿ ಗಡಿಯ ರೌಟರು ಹಣೆಪಟ್ಟಿಗಳನ್ನೆಲ್ಲ ಕಳಚಿ, ಬರಿಯ ಪೊಟ್ಟಣವನ್ನು ಆಚೆಯ ರೌಟರಿಗೆ ಒಪ್ಪಿಸುತ್ತದೆ. ಆಚೆಯದು ತನ್ನ ಹಣೆಪಟ್ಟಿಗಳನ್ನು ಹೊಸದಾಗಿ ಅಂಟಿಸುತ್ತದೆ. ಲೋಪವಾಗಿ, ಬಳಿಕ ಆಗಮ. ಒಬ್ಬರ ಒಳಗುಟ್ಟು ಇನ್ನೊಬ್ಬರಿಗೆ ತಿಳಿಯುವುದಿಲ್ಲವಾದ್ದರಿಂದ ಇದು ಸುರಕ್ಷಿತ. ಆದರೆ ಪ್ರತಿಯೊಬ್ಬ ಗ್ರಾಹಕನಿಗೂ ಗಡಿಯಲ್ಲಿ ಪ್ರತ್ಯೇಕ ಬಾಗಿಲನ್ನು ತೆರೆಯಬೇಕು. ಇನ್ನೂರು ಗ್ರಾಹಕರಿದ್ದರೆ ಇನ್ನೂರು ಬಾಗಿಲು.

ಎರಡನೆಯದರಲ್ಲಿ ಬಾಗಿಲು ಒಂದೇ. ಒಳಪಟ್ಟಿಯೊಡನೆಯೇ ಪೊಟ್ಟಣ ಗಡಿಗೆ ಬರುತ್ತದೆ. ಗಡಿಯ ರೌಟರು ತನ್ನ ಜಾಲದ ಸಂಖ್ಯೆಯನ್ನು ತೆಗೆದು, ಆಚೆಯವರು ಕೇಳಿದ ಸಂಖ್ಯೆಯನ್ನು ಇಟ್ಟು ದಾಟಿಸುತ್ತದೆ. ಇದು ಆದೇಶ. ಗಡಿಯ ರೌಟರುಗಳು ಎಲ್ಲ ಗ್ರಾಹಕರ ದಾರಿಗಳನ್ನೂ ನೆನಪಿಟ್ಟುಕೊಳ್ಳಬೇಕಾದ ಭಾರ ಇಲ್ಲಿದೆ.

ಮೂರನೆಯದರಲ್ಲಿ ಗಡಿಯ ರೌಟರಿಗೆ ಗ್ರಾಹಕರ ವಿಷಯವೇ ತಿಳಿಯದು. ಎರಡು ಜಾಲಗಳ ತುದಿಗಳು ನೇರವಾಗಿ ಮಾತಾಡಿಕೊಂಡು ಒಳಪಟ್ಟಿಯನ್ನು ಗೊತ್ತುಮಾಡಿಕೊಂಡಿರುತ್ತವೆ. ಗಡಿಯಲ್ಲಿ ಹೊರಪಟ್ಟಿ ಬದಲಾದರೂ ಒಳಪಟ್ಟಿ ಇದ್ದಂತೆಯೇ ದಾಟುತ್ತದೆ. ಸಂಧಿಸ್ಥಾನದಲ್ಲಿದ್ದೂ ವಿಕಾರ ಹೊಂದದೆ ಉಳಿಯುವುದನ್ನು ನಾವು ಪ್ರಕೃತಿಭಾವ ಎನ್ನುತ್ತೇವಲ್ಲವೆ? ಒಳಪಟ್ಟಿಯ ಮಟ್ಟಿಗೆ ಇದು ಅದೇ. ಭಾರ ಅತಿ ಕಡಿಮೆ, ಗ್ರಾಹಕರು ಎಷ್ಟೇ ಹೆಚ್ಚಿದರೂ ತಡೆದೀತು. ಆದರೆ ಪ್ರತಿಯೊಂದು ಜಾಲವೂ ತನ್ನ ಒಳಗಿನ ತುದಿಗಳ ವಿಳಾಸಗಳನ್ನು ಇನ್ನೊಂದಕ್ಕೆ ತಿಳಿಸಬೇಕು. ಆದುದರಿಂದ ಒಂದೇ ಒಡೆತನದ ಎರಡು ಜಾಲಗಳ ನಡುವೆಯೋ, ಪರಸ್ಪರ ಆಳವಾದ ವಿಶ್ವಾಸವಿರುವವರ ನಡುವೆಯೋ ಇದು ಹೊಂದುತ್ತದೆ.

ಹೋಲಿಕೆಗೆ ಮಿತಿಯಿದೆ ಎಂಬುದನ್ನೂ ಹೇಳಬೇಕು. ಸಂಧಿಯಲ್ಲಿ ಏನಾಗಬೇಕೆಂಬುದನ್ನು ಬಹುಮಟ್ಟಿಗೆ ಧ್ವನಿಗಳೇ ನಿರ್ಣಯಿಸುತ್ತವೆ. ಜಾಲಗಳ ಗಡಿಯಲ್ಲಿ ಅದನ್ನು ನಿರ್ಣಯಿಸುವುದು ಒಪ್ಪಂದ. ಮೂರು ಮಾರ್ಗಗಳಲ್ಲಿ ಮೇಲುಕೀಳಿಲ್ಲ. ನಂಬಿಕೆ ಹೆಚ್ಚಿದಷ್ಟೂ ಗಡಿಯ ಕೆಲಸ ಹಗುರ. ನಂಬಿಕೆ ಕಡಿಮೆಯಾದಷ್ಟೂ ಬಿಚ್ಚಿ ಕಟ್ಟುವ ಕೆಲಸ ಹೆಚ್ಚು. ಆದರೆ ನಂಬಿಕೆಯೆಂದರೆ ಕಣ್ಣು ಮುಚ್ಚಿಕೊಳ್ಳುವುದಲ್ಲ. ನೆರೆಯವರಿಂದ ಬಂದ ಹಣೆಪಟ್ಟಿ ತಾನೇ ಅವರಿಗೆ ಕೊಟ್ಟದ್ದೋ ಎಂದು ಗಡಿಯ ರೌಟರು ಪರೀಕ್ಷಿಸಬೇಕು. ಅಲ್ಲವಾದರೆ ಪೊಟ್ಟಣವನ್ನು ತಿರಸ್ಕರಿಸಬೇಕು. ಈ ಎಚ್ಚರ ತಪ್ಪಿದರೆ, ಸುಳ್ಳು ಸಂಖ್ಯೆ ಬರೆದ ಪೊಟ್ಟಣವೊಂದು ಬ್ಯಾಂಕಿನ ಖಾಸಗಿ ಜಾಲದೊಳಕ್ಕೆ ನುಸುಳೀತು.

ಎರಡು ಕಂಬಗಳ ಪಟ್ಟಿ

ಮತ್ತೆ ನನ್ನ ಐದನೆಯ ತರಗತಿಗೆ ಬರುತ್ತೇನೆ. ಅಂದು ತರಗತಿಯ ನಗು ಇಳಿಯುವ ಮೊದಲೇ ನಮ್ಮ ‘ಬಾಈ’ ಒಳಗೆ ಬಂದರು. ನಡೆದದ್ದನ್ನು ಕೇಳಿ ಅವರು ನಗಲಿಲ್ಲ, ನನ್ನನ್ನು ಗದರಿಸಲೂ ಇಲ್ಲ. ಕರಿಹಲಗೆಯ ಮೇಲೆ ನಡುವೆ ಒಂದು ಗೆರೆ ಎಳೆದು ಎಡಕ್ಕೆ ಕನ್ನಡ, ಬಲಕ್ಕೆ ಮರಾಠಿ ಎಂದು ಬರೆದರು. ಬಾಯಿ ಎಂಬುದರ ಎದುರು ತೋಂಡ. ತಾಯಿ ಎಂಬುದರ ಎದುರು ಆಈ. ಅಕ್ಕ ಎಂಬುದರ ಎದುರು ತಾಈ. ಅವರ ಮನೆಮಾತು ಕನ್ನಡವೆಂದು ಅಂದೇ ನನಗೆ ತಿಳಿಯಿತು. ಗಡಿಯ ರೌಟರಿನೊಳಗೆ ಇರುವ ಪಟ್ಟಿಯೂ ಇಂಥದೇ: ಒಂದು ಕಂಬದಲ್ಲಿ ಬಂದ ಹಣೆಪಟ್ಟಿ, ಇನ್ನೊಂದರಲ್ಲಿ ಹೋಗಬೇಕಾದ ಹಣೆಪಟ್ಟಿ. ಪೊಟ್ಟಣದೊಳಗಿನ ವಸ್ತುವನ್ನು ಯಾರೂ ಮುಟ್ಟುವುದಿಲ್ಲ.

‘ಮಹಾರಾಷ್ಟ್ರದಲ್ಲಿದ್ದುಕೊಂಡು ಐಚ್ಛಿಕ ಕನ್ನಡವನ್ನು ಓದಿ ಏನು ಪ್ರಯೋಜನ?’ ಎಂಬ ಪ್ರಶ್ನೆಯನ್ನು ನಿಮ್ಮ ಪಾಲಕರೂ ಕೇಳುತ್ತಾರೆ, ನೀವೂ ಕೇಳುತ್ತೀರಿ. ಉದ್ಯೋಗದ ಲೆಕ್ಕವನ್ನು ಇಲ್ಲಿ ಹೇಳಲಾರೆ. ಜಾಲದ ಲೆಕ್ಕವನ್ನು ಹೇಳಬಲ್ಲೆ. ಎರಡು ಜಾಲಗಳನ್ನು ಕೂಡಿಸುವ ಗಡಿಯ ರೌಟರು ಒಂದೇ ಇದ್ದು ಅದು ಕೆಟ್ಟುನಿಂತರೆ, ಎರಡೂ ಜಾಲಗಳು ತಮ್ಮ ತಮ್ಮೊಳಗೆ ಚೆನ್ನಾಗಿಯೇ ನಡೆಯುತ್ತಿರುತ್ತವೆ. ಇಚಲಕರಂಜಿಯ ಶಾಖೆಯಲ್ಲಿ ಕೆಲಸ ನಿಲ್ಲುವುದಿಲ್ಲ, ನಿಪ್ಪಾಣಿಯಲ್ಲಿಯೂ ನಿಲ್ಲುವುದಿಲ್ಲ. ಅಲ್ಲಿಂದ ಇಲ್ಲಿಗೆ ಏನಾದರೂ ಕಳುಹಿಸಬೇಕಾದಾಗ ಮಾತ್ರ ನಷ್ಟ ತಿಳಿಯುತ್ತದೆ. ಎರಡು ಕಂಬಗಳ ಪಟ್ಟಿಯನ್ನು ನೆನಪಿನಲ್ಲಿಟ್ಟುಕೊಂಡವರು ನಮ್ಮ ಊರುಗಳಲ್ಲಿ ಕಡಿಮೆಯಾದರೂ ಹಾಗೆಯೇ: ಕನ್ನಡವೂ ನಡೆಯುತ್ತದೆ, ಮರಾಠಿಯೂ ನಡೆಯುತ್ತದೆ, ಮುಂದಿನ ಸಾಲಿನಲ್ಲಿ ಬಾಯಿಯ ಮೇಲೆ ಬೆರಳಿಟ್ಟು ನಿಂತ ಹುಡುಗನಿಗೆ ಮಾತ್ರ ಉತ್ತರ ಹೇಳುವವರಿರುವುದಿಲ್ಲ.

ಮುಂದಿನ ವಾರದ ವ್ಯಾಕರಣದ ತರಗತಿಗೆ ಬರುವಾಗ ನಿಮ್ಮ ಮನೆಯಲ್ಲಿ ಬಳಕೆಯಲ್ಲಿರುವ, ಎರಡು ಭಾಷೆಗಳಲ್ಲಿ ಒಂದೇ ಧ್ವನಿಯಿದ್ದು ಬೇರೆ ಅರ್ಥವಿರುವ ಹತ್ತು ಪದಗಳನ್ನು ಬರೆದು ತನ್ನಿ. ಕರಿಹಲಗೆಯ ಮೇಲೆ ನಡುವಿನ ಗೆರೆಯನ್ನು ನಾನು ಎಳೆದಿಟ್ಟಿರುತ್ತೇನೆ.