ಹಿತೋಪದೇಶವು ಬಾಳನ್ನು ಬದಲಿಸದೆ ಹೋಗುವದೇಕೆ?



ಬೆಳಿಗ್ಗೆ ಬೇಗನೆ ಏಳಬೇಕು, ಕಾಲವನ್ನು ವ್ಯರ್ಥಪಡಿಸಬಾರದು, ಗಳಿಸಿದ್ದರಲ್ಲಿ ಸ್ವಲ್ಪವನ್ನಾದರೂ ಉಳಿಸಬೇಕು, ಮನಸ್ಸಿದ್ದರೆ ಮಾರ್ಗವುಂಟು ಎಂಬ ಮಾತುಗಳನ್ನು ಕೇಳದೆ ಬೆಳೆದವರು ನಮ್ಮಲ್ಲಿ ಯಾರೂ ಇರಲಿಕ್ಕಿಲ್ಲ. ಹಿಂದೆ ಹಿರಿಯರ ಬಾಯಿಂದಲೂ ಪಾಠಪುಸ್ತಕಗಳಿಂದಲೂ ಬರುತ್ತಿದ್ದ ಈ ಬೋಧೆಯು ಈಗ ಅಂಗಡಿಯ ಪುಸ್ತಕಗಳಿಂದಲೂ ಸಭಾಭಾಷಣಗಳಿಂದಲೂ ಕೈಯಲ್ಲಿರುವ ಮೊಬೈಲಿನಿಂದಲೂ ಹಗಲಿರುಳು ಸುರಿಯುತ್ತಲಿದೆ. ಆದರೂ ಅದನ್ನು ಓದಿ ಕೇಳಿ ತಲೆದೂಗಿದವರಲ್ಲಿ ಬಹುಮಂದಿಯ ಬಾಳು ವರ್ಷಾಂತ್ಯದಲ್ಲಿ ಮೊದಲಿದ್ದ ಹಾಗೆಯೇ ಇರುವದು. ಬೋಧೆಯು ಸುಳ್ಳೋ? ಕೇಳಿದವರು ಸೋಮಾರಿಗಳೋ? ಈ ಎರಡು ಉತ್ತರಗಳೂ ಸರಿಯಲ್ಲವೆಂಬದು ನನ್ನ ಅಭಿಪ್ರಾಯ. ಮಕ್ಕಳಿಗೆ ಬುದ್ಧಿ ಹೇಳುವ ಹೊಣೆಯುಳ್ಳ ತಾಯ್ತಂದೆಗಳೂ ಉಪಾಧ್ಯಾಯಿನಿಯರೂ ನಿಜವಾದ ಕಾರಣಗಳನ್ನು ತಿಳಿದಿರುವದು ಅವಶ್ಯ. ಯಾಕಂದರೆ ಫಲಿಸದ ಬುದ್ಧಿವಾದವು ಗಾಳಿಗೆ ಹಾರಿಹೋಗುವದಿಲ್ಲ, ತಾನು ಕೈಲಾಗದವಳೆಂಬ ನೋವನ್ನು ಕೇಳಿದವಳ ಮನಸ್ಸಿನಲ್ಲಿ ಉಳಿಸಿ ಹೋಗುವದು.

ಈ ಬಗೆಯ ಗ್ರಂಥಗಳಿಗೆ ಮೂಲಪುರುಷನೆನಿಸಿಕೊಂಡವನು ಸ್ಯಾಮುವೆಲ್ ಸ್ಮೈಲ್ಸ್ ಎಂಬ ಸ್ಕಾಟ್ಲೆಂಡಿನವನು. ಅವನ ‘ಸೆಲ್ಫ್ ಹೆಲ್ಪ್’ ಎಂಬ ಪುಸ್ತಕವು 1859ರಲ್ಲಿ ಅಚ್ಚಾಗಿ, ಲೋಕದ ಅನೇಕ ಭಾಷೆಗಳಿಗೆ ತರ್ಜುಮೆಯಾಯಿತು. ಆ ಪುಸ್ತಕವು ಹುಟ್ಟಿದ ಬಗೆಯು ಬಹಳ ಬೋಧಪ್ರದವಾಗಿದೆ. ಇಂಗ್ಲೆಂಡಿನ ಲೀಡ್ಸ್ ಪಟ್ಟಣದಲ್ಲಿ ಕೆಲವು ಬಡ ತರುಣರು ಚಳಿಗಾಲದ ಸಂಜೆಗಳಲ್ಲಿ ಒಟ್ಟುಗೂಡಿ, ತಿಳಿದವನು ತಿಳಿಯದವನಿಗೆ ಓದು, ಬರಹ, ಲೆಕ್ಕಗಳನ್ನು ಹೇಳಿಕೊಡುವ ಪದ್ಧತಿಯನ್ನು ತಾವಾಗಿಯೇ ಆರಂಭಿಸಿದರು. ಮಂದಿ ನೂರರಷ್ಟಾದಾಗ, ಹಿಂದೆ ಕಾಲರಾ ರೋಗಿಗಳಿಗಾಗಿ ಬಳಸಲ್ಪಟ್ಟು ಬಳಿಕ ಬರಿದಾಗಿ ಬಿದ್ದಿದ್ದ ಒಂದು ದೊಡ್ಡ ಕೋಣೆಯನ್ನು ಬಾಡಿಗೆಗೆ ಹಿಡಿದರು. 1845ರಲ್ಲಿ ಸ್ಮೈಲ್ಸನು ಅವರ ಮುಂದೆ ಮಾಡಿದ ಭಾಷಣದಿಂದಲೇ ಆ ಪುಸ್ತಕವು ಬೆಳೆಯಿತು. ನೋಡಿರಿ, ಭಾಷಣವನ್ನು ಕೇಳುವದಕ್ಕೆ ಮೊದಲೇ ಆ ತರುಣರಿಗೆ ಸೇರುವದಕ್ಕೆ ಸ್ಥಳವಿತ್ತು, ಗೊತ್ತುಮಾಡಿದ ಹೊತ್ತಿತ್ತು, ಬಾರದಿದ್ದರೆ ಯಾಕೆ ಬರಲಿಲ್ಲವೆಂದು ವಿಚಾರಿಸುವ ಜತೆಗಾರರಿದ್ದರು. ಪುಸ್ತಕವನ್ನು ಕೊಂಡವರಿಗಾದರೋ ಉಪದೇಶವು ಮಾತ್ರ ದೊರೆಯಿತು. ಸ್ವಪ್ರಯತ್ನದ ಗ್ರಂಥವು ಪರಸ್ಪರ ಸಹಾಯದಿಂದ ಹುಟ್ಟಿತೆಂಬ ಈ ಸಂಗತಿಯನ್ನು ಮುಂದಿನವರು ಬಹುಮಟ್ಟಿಗೆ ಮರೆತರು.

ಉಪದೇಶವು ಸೋಲುವದಕ್ಕೆ ಮೊದಲನೆಯ ಕಾರಣವೇನಂದರೆ, ಅದು ಗೆದ್ದವರ ಬಾಯಿಂದ ಮಾತ್ರ ಬರುವದು. ಮುಂಜಾನೆ ನಾಲ್ಕು ಗಂಟೆಗೆ ಎದ್ದು ಓದಿ ದೊಡ್ಡ ಅಧಿಕಾರಿಯಾದವನು ತನ್ನ ಚರಿತ್ರೆಯನ್ನು ಬರೆಯುವನು. ಅದೇ ನಾಲ್ಕು ಗಂಟೆಗೆ ಎದ್ದು ಅಷ್ಟೇ ಓದಿ, ತಂದೆಯ ಕಾಯಿಲೆಯಿಂದಲೋ ಹಣದ ಅಭಾವದಿಂದಲೋ ಕಾಲೇಜನ್ನು ಬಿಟ್ಟವನ ಚರಿತ್ರೆಯನ್ನು ಯಾರೂ ಅಚ್ಚು ಹಾಕಿಸುವದಿಲ್ಲ. ಹೀಗಿರುವದರಿಂದ, ಯಾವ ಗುಣದಿಂದ ಅವನು ಗೆದ್ದನು, ಯಾವ ಅನುಕೂಲದಿಂದ ಗೆದ್ದನು ಎಂಬದನ್ನು ಓದುವವರು ವಿಂಗಡಿಸಲಾರರು. ಗೆದ್ದವನೇ ಅನೇಕ ವೇಳೆ ವಿಂಗಡಿಸಲಾರನು. ಅವನ ಶ್ರಮವು ಅವನಿಗೆ ಚೆನ್ನಾಗಿ ನೆನಪಿರುವದು, ಅವನಿಗಾಗಿ ಅನ್ನ ಬಡಿಸಿಟ್ಟವರ ಶ್ರಮವು ಅಷ್ಟಾಗಿ ನೆನಪಿರುವದಿಲ್ಲ.

ಎರಡನೆಯದಾಗಿ, ಉಪದೇಶವು ಸಾಮಾನ್ಯವಾದ ಮಾತು. ಕೆಲಸವಾದರೋ ಯಾವಾಗಲೂ ಒಂದು ಗೊತ್ತಾದ ದಿನ, ಗೊತ್ತಾದ ಸ್ಥಳದಲ್ಲಿ ನಡೆಯಬೇಕಾದದ್ದು. ನಮ್ಮ ನಾರಾವಿಯ ಸುತ್ತಿನ ಅಡಿಕೆ ತೋಟಗಳನ್ನೇ ದೃಷ್ಟಾಂತವಾಗಿ ತೆಗೆದುಕೊಳ್ಳೋಣ. ಕೊಳೆರೋಗದ ವಿಷಯದಲ್ಲಿ ಮೈಸೂರು ಸಂಸ್ಥಾನದ ವಿಜ್ಞಾನಿಯಾಗಿದ್ದ ಲೆಸ್ಲಿ ಕೋಲ್ಮನ್ ಎಂಬವರು 1910ರಲ್ಲಿ ತಮ್ಮ ಸಂಶೋಧನೆಯನ್ನು ಪ್ರಕಟಿಸಿ, ಬೋರ್ಡೋ ದ್ರಾವಣವನ್ನು ಸಿಂಪಡಿಸಲು ಹೇಳಿದರು. ತೋಟವನ್ನು ಚೆನ್ನಾಗಿ ನೋಡಿಕೊಳ್ಳಿರೆಂದಷ್ಟೇ ಹೇಳಿದ್ದರೆ ಒಂದು ಗೊನೆಯೂ ಉಳಿಯುತ್ತಿರಲಿಲ್ಲ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮಳೆ ಹಿಡಿಯುವದಕ್ಕೆ ಮುಂಚೆ ಒಂದು ಸಲ, ಸುಮಾರು ನಲವತ್ತು ದಿನಗಳಾದ ಮೇಲೆ ಇನ್ನೊಂದು ಸಲ ಎಂಬಷ್ಟು ಸ್ಪಷ್ಟವಾಗಿ ಇಂದಿಗೂ ನಮ್ಮ ಕೃಷಿಕರಿಗೆ ಹೇಳಲಾಗುತ್ತಿದೆ. ಅಷ್ಟಾದರೂ, ಮರ ಹತ್ತುವವನು ಸಿಕ್ಕದಿದ್ದರೆ ಅಥವಾ ಮಳೆಯು ಬಿಡದೆ ಸುರಿದರೆ ಈ ಉತ್ತಮ ಸಲಹೆಯೂ ಕಾಗದದಲ್ಲಿಯೇ ಉಳಿಯುವದು. ಹೀಗಿರುವಾಗ, ಧೈರ್ಯವಾಗಿರು, ಶ್ರದ್ಧೆಯಿಂದಿರು ಎಂಬ ಅಳತೆಯೂ ಗಡುವೂ ಇಲ್ಲದ ಮಾತುಗಳು ಮನುಷ್ಯರ ನಡತೆಯನ್ನು ತಿದ್ದುವವೆಂದು ನಾವು ಹೇಗೆ ನಿರೀಕ್ಷಿಸುತ್ತೇವೆ?

ಮನಃಶಾಸ್ತ್ರಜ್ಞರು ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಜರ್ಮನಿಯ ಪೀಟರ್ ಗೋಲ್ವಿಟ್ಜರ್ ಮತ್ತು ಅವರ ಸಹೋದ್ಯೋಗಿಯು 1997ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆಯಲ್ಲಿ ವಿದ್ಯಾರ್ಥಿಗಳು ಕ್ರಿಸ್ಮಸ್ ರಜೆಯಲ್ಲಿ ಒಂದು ಚಿಕ್ಕ ವರದಿಯನ್ನು ಬರೆದು ಎರಡು ದಿನಗಳೊಳಗೆ ಕಳುಹಿಸಬೇಕಾಗಿತ್ತು. ಇಂಥ ಹೊತ್ತಿಗೆ ಇಂಥ ಸ್ಥಳದಲ್ಲಿ ಕೂತು ಬರೆಯುವೆನೆಂದು ಮೊದಲೇ ನಿಶ್ಚಯಿಸಿಕೊಂಡವರಲ್ಲಿ ನಾಲ್ಕರಲ್ಲಿ ಮೂರು ಪಾಲು ಮಂದಿ ಕೆಲಸವನ್ನು ಮುಗಿಸಿದರು. ಬರೆಯುವೆನೆಂದು ಬರೇ ಒಪ್ಪಿಕೊಂಡವರಲ್ಲಿ ಮೂರರಲ್ಲೊಂದು ಪಾಲು ಮಾತ್ರ ಮುಗಿಸಿದರು. ಲಂಡನಿನ ಫಿಲಿಪ್ಪಾ ಲಾಲಿ ಎಂಬಾಕೆಯೂ ಅವರ ಸಂಗಡಿಗರೂ 96 ಮಂದಿಯನ್ನು ಪರೀಕ್ಷಿಸಿ, ಒಂದು ಚಿಕ್ಕ ಹೊಸ ಅಭ್ಯಾಸವು ತಾನಾಗಿಯೇ ನಡೆಯುವಂತಾಗಲು ಸರಾಸರಿಯಲ್ಲಿ 66 ದಿನಗಳು ಬೇಕಾದವೆಂದೂ, ಅದು ಒಬ್ಬೊಬ್ಬರಿಗೆ 18 ದಿನಗಳಿಂದ 254 ದಿನಗಳವರೆಗೆ ವ್ಯತ್ಯಾಸವಾಗುವದೆಂದೂ 2010ರಲ್ಲಿ ತಿಳಿಸಿದರು. ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ಹಾನಿಯಾಗಲಿಲ್ಲ. ನಮ್ಮಲ್ಲಿಯಾದರೋ, ಹೊಸದರಲ್ಲಿ ಅಗಸನು ಗೋಣಿಯನ್ನು ಎತ್ತೆತ್ತಿ ಒಗೆದನೆಂಬ ಗಾದೆಯಂತೆ ಮೊದಲ ವಾರದಲ್ಲಿ ಉತ್ಸಾಹವು ಉಕ್ಕುವದು; ಎರಡನೆಯ ವಾರದಲ್ಲಿ ಒಂದು ದಿನ ತಪ್ಪುವದು; ತಪ್ಪಿದ ಕೂಡಲೇ ತನ್ನಿಂದಾಗದೆಂದು ಕೈಬಿಡುವದಾಗುವದು. ಇಪ್ಪತ್ತೊಂದು ದಿನಗಳಲ್ಲಿ ಬಾಳನ್ನೇ ಬದಲಿಸುವೆವೆಂದು ಸಾರುವ ಪುಸ್ತಕಗಳು ಇದಕ್ಕೆ ಇನ್ನಷ್ಟು ಎಡೆಮಾಡಿಕೊಡುವವು.

ಮೂರನೆಯದು ಬಡತನವೂ ಬಿಡುವಿಲ್ಲದಿರುವದೂ ಆಗಿದೆ. ಬಂಟ್ವಾಳ, ಬೆಳ್ತಂಗಡಿಗಳ ಎಷ್ಟೋ ಮನೆಗಳಲ್ಲಿ ತಾಯಂದಿರು ಬ್ರಾಂಚಿನಿಂದ ಎಲೆ, ಹೊಗೆಸೊಪ್ಪುಗಳನ್ನು ತಂದು ಬೀಡಿ ಕಟ್ಟಿ ಸಂಸಾರವನ್ನು ಸಾಗಿಸಿದ್ದಾರೆ. ಹಾಗೆ ಕಟ್ಟಿದ ಬೀಡಿಯಿಂದಲೇ ಅನೇಕ ಹೆಣ್ಣುಮಕ್ಕಳ ಶಾಲಾ ಶುಲ್ಕವು ಸಂದಿದೆ. ಅಡಿಗೆ, ದನದ ಕೆಲಸ, ಮಕ್ಕಳ ಆರೈಕೆಗಳ ನಡುವೆ ಸಾವಿರದ ಲೆಕ್ಕವನ್ನು ತುಂಬಿಸಬೇಕಾದ ಒಬ್ಬಾಕೆಗೆ, ದಿನವೂ ಒಂದು ಗಂಟೆಯನ್ನು ನಿನಗಾಗಿ ಇಟ್ಟುಕೋ ಎಂದು ಹೇಳಿದರೆ, ಆ ಗಂಟೆಯನ್ನು ಎಲ್ಲಿಂದ ತರಬೇಕು? ಬಡತನವು ಕೈಯನ್ನು ಮಾತ್ರ ಕಟ್ಟುವದಿಲ್ಲ, ಮನಸ್ಸಿನ ಸಾವಧಾನವನ್ನೂ ಕಸಿದುಕೊಳ್ಳುವದು. ತಮಿಳುನಾಡಿನ 464 ಮಂದಿ ಕಬ್ಬಿನ ಕೃಷಿಕರನ್ನು ಕಟಾವಿಗೆ ಮುಂಚೆ ಕೈ ಬರಿದಾಗಿದ್ದಾಗಲೂ, ಕಟಾವಾಗಿ ಹಣ ಬಂದ ಮೇಲೆಯೂ ಪರೀಕ್ಷಿಸಿದ ಒಂದು ಸಂಶೋಧನೆಯು 2013ರಲ್ಲಿ ಪ್ರಕಟವಾಯಿತು. ಅದೇ ಮನುಷ್ಯರು ಹಣವಿದ್ದಾಗ ಬುದ್ಧಿಯ ಪರೀಕ್ಷೆಯಲ್ಲಿ ಹೆಚ್ಚು ಅಂಕಗಳನ್ನು ಪಡೆದರು. ಮನುಷ್ಯನು ಬದಲಾಗಿರಲಿಲ್ಲ, ಚಿಂತೆಯ ಹೊರೆಯು ಇಳಿದಿತ್ತು. ಹೊಟ್ಟೆ ತುಂಬಿದವನು ಹಸಿದವನಿಗೆ ಏಕಾಗ್ರತೆಯನ್ನು ಬೋಧಿಸುವಾಗ ಇದನ್ನು ನೆನಸಬೇಕು.

ನಾಲ್ಕನೆಯದು ಸವಿಮಾತಿನ ಮೋಸ. ಗೆದ್ದಂತೆ ಕಲ್ಪಿಸಿಕೋ, ಗೆಲ್ಲುವಿ. ನಾನು ಒಳ್ಳೆಯವಳೆಂದು ದಿನವೂ ಹೇಳಿಕೋ, ಒಳ್ಳೆಯವಳಾಗುವಿ ಎಂಬ ಬೋಧೆಯು ಈಗ ಬಹಳ ಪ್ರಚಾರದಲ್ಲಿದೆ. ತಮ್ಮ ವಿಷಯದಲ್ಲಿ ಕೀಳಾದ ಎಣಿಕೆಯುಳ್ಳವರು, ತಾನು ಪ್ರೀತಿಗೆ ಪಾತ್ರಳೆಂಬಂಥ ಮಾತನ್ನು ತಮಗೆ ತಾವೇ ಪದೇ ಪದೇ ಹೇಳಿಕೊಂಡಾಗ ಅವರ ಮನಸ್ಸು ಹಾಗೆ ಹೇಳಿಕೊಳ್ಳದಿದ್ದ ಅಂಥವರ ಮನಸ್ಸಿಗಿಂತಲೂ ಕುಗ್ಗಿತೆಂದು ಕೆನಡಾ ದೇಶದ ಜೋನ್ ವುಡ್ ಎಂಬಾಕೆಯೂ ಅವರ ಸಂಗಡಿಗರೂ 2009ರಲ್ಲಿ ಪ್ರಕಟಪಡಿಸಿದರು. ಕಾರಣವು ಸುಲಭ: ಮೇಲಿನಿಂದ ಹೇಳಿಕೊಂಡ ಮಾತಿಗೆ ಒಳಗಿನ ಮನಸ್ಸು ಪ್ರತಿವಾದವನ್ನು ಹೂಡುವದು. ಹೆಚ್ಚಾಗಿ ಯಾರಿಗೆ ಈ ಸಾಂತ್ವನವು ಬೇಕೋ ಅವರಿಗೇ ಅದು ಬಾಧಕವಾಗುವದು. ಇನ್ನು ಕೆಲವರಿಗೆ ಓದುವದೇ ಮಾಡಿದ ಹಾಗಾಗುವದು. ಹೇಳುವದು ಶಾಸ್ತ್ರ, ತಿನ್ನುವದು ಬದನೆಕಾಯಿ ಎಂದು ನಮ್ಮ ಹಿರಿಯರು ನಕ್ಕದ್ದು ಸುಮ್ಮನಲ್ಲ.

ಇವೆಲ್ಲವುಗಳಿಗಿಂತ ಶೋಚನೀಯವಾದದ್ದು ಕೊನೆಯಲ್ಲಿ ಉಳಿಯುವ ದೂಷಣೆಯೇ. ಮನಸ್ಸಿದ್ದರೆ ಮಾರ್ಗವೆಂಬದು ಪೂರ್ಣ ಸತ್ಯವಾದರೆ, ಮಾರ್ಗ ಕಾಣದವಳಿಗೆ ಮನಸ್ಸೇ ಇರಲಿಲ್ಲವೆಂದು ತೀರ್ಪಾಗುವದಷ್ಟೆ. ಪರೀಕ್ಷೆಯಲ್ಲಿ ತಪ್ಪಿದ ಹುಡುಗಿಯೂ, ಕುಡುಕ ಗಂಡನನ್ನು ತಾಳ್ಮೆಯಿಂದ ತಿದ್ದಲಾರದೆ ಹೋದ ಹೆಂಡತಿಯೂ ಈ ತೀರ್ಪನ್ನು ತಮ್ಮ ಮೇಲೆ ತಾವೇ ಹೊರಿಸಿಕೊಂಡು ಬಾಯಿ ಮುಚ್ಚಿಕೊಳ್ಳುತ್ತಾರೆ. ಮನೋವ್ಯಾಧಿಯಿಂದ ಬಳಲುವವಳಿಗೆ ಪುಸ್ತಕದ ಧೈರ್ಯವು ಔಷಧವಾಗಲಾರದು. ಮುರಿದ ಕಾಲಿಗೆ ನಡೆಯೆಂದು ಬುದ್ಧಿ ಹೇಳುವವರಿಲ್ಲವಷ್ಟೆ. ನಿದ್ರೆ ಅನ್ನಗಳನ್ನು ಬಿಟ್ಟು ಕೂತ ಮಗಳಿಗೂ ವೈದ್ಯರ ಸಹಾಯವೇ ಬೇಕು. ಸರಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ಸೇವೆಯ 14416 ಎಂಬ ಸಂಖ್ಯೆಗೆ ಯಾವ ಮನೆಯಿಂದಲೂ ಕರೆಮಾಡಬಹುದು. ಪೋಷಕರು ಇದನ್ನು ಗೋಡೆಯ ಮೇಲೆ ಬರೆದಿಟ್ಟುಕೊಂಡರೆ ಒಳ್ಳೆಯದು.

ಹಾಗಾದರೆ ಮನುಷ್ಯರ ಬಾಳು ಬದಲಾಗುವದೇ ಇಲ್ಲವೋ? ಆಗುವದುಂಟು, ಮತ್ತು ಅದಕ್ಕೆ ನಮ್ಮ ಜಿಲ್ಲೆಗಳಲ್ಲಿಯೇ ಸಾಕಷ್ಟು ಸಾಕ್ಷಿಗಳಿವೆ. ಹಣ ಉಳಿಸಿರೆಂದು ಬಡವರಿಗೆ ಬೋಧಿಸಿದವರು ಎಲ್ಲ ಕಾಲದಲ್ಲಿಯೂ ಇದ್ದರು. 1925ರಲ್ಲಿ ಉಡುಪಿಯಲ್ಲಿ ಡಾಕ್ಟರ್ ಟಿ. ಎಂ. ಎ. ಪೈ, ಉಪೇಂದ್ರ ಅನಂತ ಪೈ, ವಾಮನ ಕುಡ್ವ ಇವರು ಸ್ಥಾಪಿಸಿದ ಬ್ಯಾಂಕು 1928ರಲ್ಲಿ ಬೋಧನೆಯ ಬದಲಿಗೆ ಒಬ್ಬ ಮನುಷ್ಯನನ್ನು ಕಳುಹಿಸಿತು. ಪಿಗ್ಮಿ ಠೇವಣಿಯ ಏಜಂಟನು ದಿನಂಪ್ರತಿ ಬಾಗಿಲಿಗೆ ಬಂದು ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ಸ್ವೀಕರಿಸುತ್ತಿದ್ದನು. ಹನಿಗೂಡಿ ಹಳ್ಳವಾಗುವದೆಂದು ಜನರಿಗೆ ಮೊದಲೂ ಗೊತ್ತಿತ್ತು. ಹನಿಯನ್ನು ಹಿಡಿಯುವ ಪಾತ್ರೆಯು ಬಾಗಿಲಿಗೆ ಬಂದಾಗ ಉಳಿತಾಯವು ಸಾಧ್ಯವಾಯಿತು. ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಆ ಸಂಸ್ಥೆಯು 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋದರೂ, ಪಿಗ್ಮಿ ಎಂಬ ಶಬ್ದವು ನಮ್ಮ ಮನೆಮಾತಾಗಿ ಉಳಿದಿದೆ.

ಮಂಗಳೂರಿನ ಕುದ್ಮುಲ್ ರಂಗರಾಯರು 1892ರಲ್ಲಿ ದಲಿತ ಮಕ್ಕಳಿಗಾಗಿ ಶಾಲೆಯನ್ನು ತೆರೆದಾಗ, ವಿದ್ಯೆ ಕಲಿಯಿರೆಂದು ಹೇಳಿ ಸುಮ್ಮನಾಗಲಿಲ್ಲ. ಶಾಲೆಗೆ ಬಂದ ಮಗುವಿಗೆ ದಿನವೂ ಕಾಸು ಕೊಟ್ಟರು. ಯಾಕಂದರೆ ಮಗುವು ಕೂಲಿಯನ್ನು ಬಿಟ್ಟು ಬರಬೇಕಾಗಿತ್ತು. ವಾಸಕ್ಕೆ ನೆಲ, ಬದುಕಿಗೆ ಕೈಕಸಬು ಇವುಗಳ ಏರ್ಪಾಟನ್ನೂ ಮಾಡಿದರು. ತಮ್ಮವರಿಂದಲೇ ಬಹಿಷ್ಕಾರವನ್ನು ಸಹಿಸಿದರು. ಅದೇ ಪ್ರಕಾರ 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರು, ಹಿಂದಿನ ಕಸಬನ್ನೂ ನೆಂಟರನ್ನೂ ಕಳಕೊಂಡ ಜನರಿಗೆ ಶ್ರಮದ ಮಹಿಮೆಯನ್ನು ಬೋಧಿಸಿದರೆ ಸಾಲದೆಂದು ಕಂಡುಕೊಂಡು, ನೇಯಿಗೆ, ಮುದ್ರಣಗಳನ್ನೂ 1865ರಲ್ಲಿ ಹಂಚಿನ ಕಾರ್ಖಾನೆಯನ್ನೂ ಆರಂಭಿಸಬೇಕಾಯಿತು. ಇನ್ನೂ ಹತ್ತಿರದ ಉದಾಹರಣೆಯು, 1982ರಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಆರಂಭವಾದ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಪ್ರಗತಿಬಂಧು ಸಂಘಗಳದು. ಇವುಗಳಲ್ಲಿ ಕೆಲವೇ ಮಂದಿ ಸಣ್ಣ ಹಿಡುವಳಿದಾರರು ಸೇರಿ, ವಾರದಲ್ಲೊಂದು ದಿನ ಸರದಿಯಂತೆ ಒಬ್ಬೊಬ್ಬರ ಭೂಮಿಯಲ್ಲಿ ಎಲ್ಲರೂ ದುಡಿಯುವರು. ಒಬ್ಬನೇ ಎಂದೂ ತೋಡಲಾಗದ ಬಾವಿಯನ್ನು ಸರದಿಯ ದಿನವು ತೋಡಿಸುವದು. ಸಂಘವೆಂದ ಮಾತ್ರಕ್ಕೆ ಎಲ್ಲವೂ ಸುಗಮವೆಂದಲ್ಲ. ಕೈಮೀರಿ ಸಾಲ ತೆಗೆದರೆ ಸಂಘದ ಕಂತೂ ಹೊರೆಯಾಗಬಹುದು. ಆದರೆ ಬಂದು ನಿಲ್ಲುವ ನೆರೆಯವರಿರುವಲ್ಲಿ ಸಂಕಲ್ಪಕ್ಕೆ ಬೆನ್ನೆಲುಬು ಇರುವದು.

ಇದರಿಂದ ಸ್ವಪ್ರಯತ್ನವು ನಿಷ್ಪ್ರಯೋಜಕವೆಂದು ಯಾರೂ ತಿಳಿಯಬಾರದು. ಏಜಂಟನು ಬಾಗಿಲಿಗೆ ಬಂದರೂ ಎರಡಾಣೆಯನ್ನು ಎತ್ತಿಡಬೇಕಾದವಳು ಮನೆಯಾಕೆಯೇ. ಶಾಲೆ ತೆರೆದರೂ ಅಕ್ಷರ ತಿದ್ದಬೇಕಾದದ್ದು ಮಗುವೇ. ಪ್ರಯತ್ನವು ಬೀಜವಾದರೆ, ಹೊತ್ತು, ಅನುಕೂಲ, ಜತೆ ಇವು ಮಣ್ಣು ನೀರುಗಳು. ಬರೇ ಬೀಜವನ್ನು ಕೊಟ್ಟು ಬೆಳೆಯನ್ನು ಕೇಳುವದು ನ್ಯಾಯವಲ್ಲ.

ಆದುದರಿಂದ ಪೋಷಕರಲ್ಲಿಯೂ, ಈಗ ತಾಯಂದಿರೂ ಉಪಾಧ್ಯಾಯಿನಿಯರೂ ದಾದಿಯರೂ ಆಗಿರುವ ನಮ್ಮ ಪೂರ್ವವಿದ್ಯಾರ್ಥಿನಿಯರಲ್ಲಿಯೂ ನನ್ನ ವಿಜ್ಞಾಪನೆ ಇಷ್ಟೇ. ಯಾರಿಗಾದರೂ ಬುದ್ಧಿ ಹೇಳುವದಕ್ಕೆ ಮುಂಚೆ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ: ಇದನ್ನು ಮಾಡುವದಕ್ಕೆ ಅವಳಿಗೆ ಹೊತ್ತು ಯಾವುದು? ಬೇಕಾದ ಸಾಧನವು ಅವಳ ಕೈಯಲ್ಲಿದೆಯೋ? ತಪ್ಪಿದ ದಿನ ಅವಳನ್ನು ಹಂಗಿಸದೆ ಪುನಃ ಎಬ್ಬಿಸುವವರು ಯಾರು? ಹತ್ತನೆಯ ತರಗತಿಯ ಮಗಳಿಗೆ ಚೆನ್ನಾಗಿ ಓದೆಂದು ಹೇಳುವ ತಂದೆಯು, ಸಂಜೆ ಏಳರಿಂದ ಒಂಬತ್ತರ ತನಕ ತಂಗಿತಮ್ಮಂದಿರನ್ನು ತಾನು ನೋಡಿಕೊಳ್ಳುವನೋ? ದೀಪದ ಕೆಳಗಿನ ಮೇಜನ್ನು ಅವಳಿಗೆ ಬಿಟ್ಟುಕೊಡುವನೋ? ಬಟ್ಟಲು ತೊಳೆಯುವ ಸರದಿಯು ಅವಳ ಅಣ್ಣನಿಗೂ ಬರುವದೋ? ಈ ವರ್ಷ ಪ್ರತಿಯೊಂದು ಮನೆಯಲ್ಲಿ ಒಂದು ಬುದ್ಧಿವಾದವನ್ನು ಕಡಿಮೆ ಮಾಡಿ, ಅದರ ಸ್ಥಳದಲ್ಲಿ ಒಬ್ಬ ಹುಡುಗಿಗೆ ದಿನಕ್ಕೆ ಎರಡು ಗಂಟೆಗಳನ್ನು ಒದಗಿಸಿಕೊಟ್ಟರೆ, ಮಾರ್ಚ್ ತಿಂಗಳಿನ ಪರೀಕ್ಷೆಯೊಳಗೆ ಅದರ ಗುಣವನ್ನು ನೀವೇ ಕಾಣುವಿರಿ.