ಪದರಕ್ಕೊಂದು ಚಿಪ್

ಹಳೆಯ ಟಿವಿ ಗೇಮ್ ಆಡಿದವರಿಗೆ ನೆನಪಿರಬಹುದು: ಶತ್ರುಗಳು ಒಂದೇ ಸಾಲಿನಲ್ಲಿ ಕಿಕ್ಕಿರಿದರೆ ಬೊಂಬೆಗಳು ಮಿಣುಕತೊಡಗುತ್ತಿದ್ದವು. ಅದಕ್ಕೆ ಕಾರಣ ಮೆಮೊರಿಯ ಬರ.

1983ರಲ್ಲಿ ಜಪಾನಿನಲ್ಲಿ ಬಂದ ನಿಂಟೆಂಡೊ ಫ್ಯಾಮಿಕಾಮ್‌ನ ಪರದೆಯಲ್ಲಿ ಅಡ್ಡಕ್ಕೆ 256, ಉದ್ದಕ್ಕೆ 240 ಚುಕ್ಕೆ. ಚುಕ್ಕೆಗೊಂದು ಬೈಟ್ ಎಂದರೂ 61 ಸಾವಿರ ಬೈಟ್ ಬೇಕು. ಅದರಲ್ಲಿದ್ದ ವಿಡಿಯೊ ರ‍್ಯಾಮ್ ಎರಡೇ ಕಿಲೋಬೈಟ್. ಪೂರ್ತಿ ಚಿತ್ರವನ್ನು ಬರೆದಿಟ್ಟುಕೊಳ್ಳಲು ಜಾಗವೇ ಇಲ್ಲ. ಹಾಗಾಗಿ ಟಿವಿ ಒಂದೊಂದೇ ಗೆರೆ ಎಳೆಯುವಾಗ, ಈ ಚುಕ್ಕೆಯಲ್ಲಿ ಕಾಣಬೇಕಾದ್ದು ಹಿನ್ನೆಲೆಯೋ ‘ಸ್ಪ್ರೈಟ್’ ಎಂಬ ಬೊಂಬೆಯೋ ಎಂದು ಚಿಪ್ ಆಗಿಂದಾಗಲೇ ತೀರ್ಮಾನಿಸುತ್ತಿತ್ತು. ಒಟ್ಟು 64 ಸ್ಪ್ರೈಟ್, ಒಂದು ಗೆರೆಗೆ ಎಂಟೇ. ಒಂಬತ್ತನೆಯದು ಮಾಯ. ಒಂದೇ ಬೊಂಬೆ ಪೂರ್ತಿ ಕಾಣೆಯಾಗದಿರಲೆಂದು ಪ್ರೋಗ್ರಾಮರ್‌ಗಳು ಫ್ರೇಮಿನಿಂದ ಫ್ರೇಮಿಗೆ ಸರದಿ ಬದಲಿಸುತ್ತಿದ್ದರು. ಮಿಣುಕು ಹುಟ್ಟಿದ್ದೇ ಅಲ್ಲಿ.

ಆ ಬೊಂಬೆಗಳ ಒಂದೊಂದು ಚುಕ್ಕೆಯೂ ಹಿನ್ನೆಲೆಯನ್ನು ಪೂರ್ತಿ ಮುಚ್ಚಿರುತ್ತಿತ್ತು, ಇಲ್ಲವೇ ಪೂರ್ತಿ ತೆರೆದಿರುತ್ತಿತ್ತು. ಹೊಗೆ, ಗಾಜು, ಕೂದಲಿನ ಅಂಚಿಗೆ ಅಷ್ಟು ಸಾಲದು. 1970ರ ದಶಕದ ಕೊನೆಯಲ್ಲಿ ನ್ಯೂಯಾರ್ಕ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಆಲ್ವಿ ರೇ ಸ್ಮಿತ್ ಮತ್ತು ಎಡ್ ಕ್ಯಾಟ್ಮಲ್ ಕೆಂಪು, ಹಸಿರು, ನೀಲಿಯ ಜೊತೆಗೆ ‘ಆಲ್ಫಾ’ ಎಂಬ ನಾಲ್ಕನೆಯ ಅಂಕಿ ಸೇರಿಸಿದರು. ಚುಕ್ಕೆ ಎಷ್ಟು ಪಾಲು ಮುಚ್ಚಿದೆ ಎಂಬ ಲೆಕ್ಕ ಅದು. 1984ರಲ್ಲಿ ಲೂಕಸ್‌ಫಿಲ್ಮ್‌ನ ಥಾಮಸ್ ಪೋರ್ಟರ್, ಟಾಮ್ ಡಫ್ ಅದಕ್ಕೊಂದು ಗಣಿತ ಕೊಟ್ಟರು. ಮುಂದಿನ ಪದರದ ಬಣ್ಣವನ್ನು ಮೊದಲೇ ಆಲ್ಫಾದಿಂದ ಗುಣಿಸಿಟ್ಟುಕೊಂಡರೆ, ಹಿಂದಿನದನ್ನು ‘1 ಕಳೆ ಆಲ್ಫಾ’ದಿಂದ ಗುಣಿಸಿ ಕೂಡಿದರಾಯಿತು. ಬಣ್ಣಕ್ಕೊಂದು ಗುಣಾಕಾರ, ಒಂದು ಸಂಕಲನ: ಸಿಲಿಕಾನಿಗೆ ಹೇಳಿ ಮಾಡಿಸಿದ ಲೆಕ್ಕ.

ಮೆಮೊರಿ ಅಗ್ಗವಾಗುತ್ತ ಬಂದಂತೆ ಇಡೀ ಪರದೆಯನ್ನು ಫ್ರೇಮ್ ಬಫರ್‌ನಲ್ಲಿ ಬರೆದಿಡುವುದೇ ರೂಢಿಯಾಯಿತು. 1996ರಲ್ಲಿ ಮೈಕ್ರೊಸಾಫ್ಟ್‌ನ ‘ಟ್ಯಾಲಿಸ್ಮನ್’ ವಿನ್ಯಾಸ ಪದರಗಳಿಗೆ ಮರಳಲು ನೋಡಿತು. ಮೂರು ಆಯಾಮದ ಒಂದೊಂದು ವಸ್ತುವಿಗೂ ಪ್ರತ್ಯೇಕ ಪದರ. ವಸ್ತು ಸ್ವಲ್ಪ ಅಲುಗಿದರೆ ಮತ್ತೆ ಬಿಡಿಸದೆ ಪದರವನ್ನೇ ಎಳೆದು ಓರೆ ಮಾಡುವುದು. ಆದರೆ ಮೆಮೊರಿ ಬೆಲೆ ಕುಸಿಯಿತು, ಗ್ರಾಫಿಕ್ಸ್ ಕಾರ್ಡುಗಳು ಬಲಿತವು. ಟ್ಯಾಲಿಸ್ಮನ್ ಮಾರುಕಟ್ಟೆಗೆ ಬರಲೇ ಇಲ್ಲ.

ಪದರಗಳನ್ನು ಮರಳಿ ಮುಂದೆ ತಂದದ್ದು ಮೊಬೈಲಿನ ಬ್ಯಾಟರಿ. 1080×2400 ಚುಕ್ಕೆಯ ಪರದೆಯ ಒಂದು ಫ್ರೇಮ್ ಸುಮಾರು 10 ಮೆಗಾಬೈಟ್. ಸೆಕೆಂಡಿಗೆ 60 ಸಲವೆಂದರೆ 600 ಮೆಗಾಬೈಟ್ ದಾಟುತ್ತದೆ. ವಿಡಿಯೊ, ಗಡಿಯಾರದ ಪಟ್ಟಿ, ಕೆಳಗಿನ ಗುಂಡಿಗಳನ್ನೆಲ್ಲ ಜಿಪಿಯು ಎಂಬ ಗ್ರಾಫಿಕ್ಸ್ ಚಿಪ್ ಬೆಸೆದು ಬರೆದರೆ, ಪರದೆ ಅದನ್ನು ಮತ್ತೆ ಓದಬೇಕು. ಆ ಓಡಾಟಕ್ಕೆಲ್ಲ ವಿದ್ಯುತ್ ಬೇಕು. ಆಂಡ್ರಾಯ್ಡ್ 3.0ರಿಂದ ಇರುವ ‘ಹಾರ್ಡ್‌ವೇರ್ ಕಂಪೋಸರ್’ ಈ ಪದರಗಳನ್ನು ನೇರವಾಗಿ ಡಿಸ್‌ಪ್ಲೇ ಚಿಪ್‌ಗೆ ಒಪ್ಪಿಸಬಲ್ಲದು. ಪರದೆಗೆ ಹೋಗುವ ದಾರಿಯಲ್ಲೇ ಅವು ಬೆರೆಯುತ್ತವೆ. ಚಿಪ್ ಹೊರಲಾರದಷ್ಟು ಪದರಗಳಾದರೆ ಮಾತ್ರ ಉಳಿದವು ಜಿಪಿಯು ಪಾಲು. ಆಗ ನೋಡುವವರಿಗೆ ವ್ಯತ್ಯಾಸ ಕಾಣದು, ಚಾರ್ಜ್ ಮಾತ್ರ ಬೇಗ ಇಳಿಯುತ್ತದೆ.